ಒಳಕೋಣೆಯ ಚಾವಣಿ

ಕೊಳ್ಳುವ ಮೊದಲು ಆ ಮನೆಯನ್ನು ಯಾರಾದರೂ ತಿಳಿದವರಿಂದ ಪರೀಕ್ಷೆ ಮಾಡಿಸಬೇಕು ಎಂದು ಪೇಂಟರನ ಹೆಂಡತಿ ಬಾಯಿಬಿಟ್ಟ ದಿನದಿಂದ ಅವರ ಮನೆಯಲ್ಲಿ ಬಾಯಿಗಳು ಊಟಕ್ಕೆ ಕಡಿಮೆ, ಜಗಳಕ್ಕೆ ಹೆಚ್ಚು ತೆರೆಯತೊಡಗಿದವು. ಅವಳು ಹೇಳಿದ್ದು ಅಷ್ಟೇ ಮಾತು. ಅದೂ ತೊವ್ವೆ ಬಡಿಸುತ್ತಾ, ಮೆಲ್ಲಗೆ. ಬಾಯಿಗೆ ಹೊರಟಿದ್ದ ತುತ್ತು ಗಂಡನ ಕೈಯಲ್ಲೇ ಉಳಿಯಿತು.

"ನಾನು ಏನು ಕೆಲಸ ಮಾಡ್ತೀನಿ ಅಂತ ನಿನಗೆ ಗೊತ್ತಾ?"

"ಗೊತ್ತು. ಬಣ್ಣ ಹೊಡೀತೀರಿ."

"ಆ ಮನೆಗೆ ಬಣ್ಣ ಹೊಡೆದೋನು ಯಾರು?"

"ನೀವೇ."

"ಮತ್ತೆ? ಅಲ್ಲಿನ ಒಂದೊಂದು ಗೋಡೆ ಮೇಲೂ ನನ್ನ ಕೈ ಆಡಿದೆ. ನನಗಿಂತ ಹೆಚ್ಚು ಗೊತ್ತಿರೋನು ಯಾವನಿದ್ದಾನೆ, ಕರ್ಕೊಂಡು ಬಾ ನೋಡೋಣ."

ತುತ್ತನ್ನು ಬಾಯಿಗೆ ಹಾಕಿಕೊಂಡು ಗೆದ್ದವನಂತೆ ಅಗಿದ.  ಅವಳಿಗೆ ಮಾತ್ರ ಅನುಮಾನವಿತ್ತು, ಅದು ಹುಟ್ಟಿದ್ದು ಮೂಗಿನಲ್ಲಿ.

ಅವಳಿಗೆ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಬೆಳಗಾದರೆ ಒದ್ದೆ ಹಾಸಿಗೆ ಬಟ್ಟೆ, ಸಂಜೆಯಾದರೆ ಒಣಗಿದ ಹಾಸಿಗೆ ಬಟ್ಟೆ. ಸರಿಯಾಗಿ ಒಣಗದ್ದನ್ನು ಮಡಚಿಟ್ಟರೆ ಒಂದು ಮುಗ್ಗಲು ವಾಸನೆ ಏಳುತ್ತದೆ. ಮೇಲೆ ಎಷ್ಟು ಇಸ್ತ್ರಿ ಹಾಕಿದರೂ, ಎಷ್ಟು ಸುವಾಸನೆಯ ಪುಡಿ ಚೆಲ್ಲಿದರೂ ಅದು ಒಳಗಿನಿಂದ ಬಂದೇ ಬರುತ್ತದೆ. ಆ ಮನೆ ನೋಡಲು ಹೋದ ದಿನ ಒಳಕೋಣೆಯಲ್ಲಿ, ಹೊಸ ಬಣ್ಣದ ಘಾಟಿನ ಅಡಿಯಲ್ಲಿ, ಅವಳಿಗೆ ಅದೇ ವಾಸನೆ ಬಡಿದಿತ್ತು. ಬಹಳ ದಿನ ಮುಚ್ಚಿಟ್ಟ ಮನೆಯಲ್ಲವೇ ಎಂದು ಹೇಳಿ ಮನೆ ಮಾರುವವನು ಕಿಟಕಿ ತೆರೆದಿದ್ದ. ಗಂಡ ಹೌದೌದು ಎಂದು ತಲೆ ಆಡಿಸಿ, ಈ ಕೋಣೆ ಅಮ್ಮನಿಗೆ ಮತ್ತು ಮಗಳಿಗೆ ಎಂದು ಹಂಚಿಯೂ ಬಿಟ್ಟಿದ್ದ.

ಮನೆ ಮಾರುವವನನ್ನು ಎಲ್ಲರೂ ಧಣಿ ಎನ್ನುತ್ತಿದ್ದರು. ಹಳೆಯ ಮನೆಗಳನ್ನು ಅಗ್ಗಕ್ಕೆ ಕೊಂಡು, ನಲ್ಲಿ ಬದಲಿಸಿ, ಬಾಗಿಲಿಗೆ ಹೊಳಪು ಕೊಟ್ಟು, ಗೋಡೆಗೆ ಬಣ್ಣ ಬಳಿಸಿ ಹೊಸದರಂತೆ ಮಾರುವುದು ಅವನ ಕಸುಬು. ಬಳಿಯುವವನು ಇವಳ ಗಂಡ, ಮೀಸೆ ಚಿಗುರುವ ಕಾಲದಿಂದಲೂ ಅವನ ಹತ್ತಿರವೇ ದುಡಿದವನು. ಇವರಿದ್ದ ಬಾಡಿಗೆ ಮನೆಯ ಮಾಲೀಕ, ತನ್ನ ಮಗನಿಗೆ ಬೇಕು, ಖಾಲಿ ಮಾಡಿ ಎಂದಾಗ ಗಂಡ ಆ ಸುದ್ದಿಯನ್ನು ಧಣಿಯ ಮುಂದೆ ತೋಡಿಕೊಂಡ. ಧಣಿ ಹೆಗಲ ಮೇಲೆ ಕೈಹಾಕಿ, ನೀನು ನಮ್ಮೋನು ಕಣೋ, ಈಗ ಬಣ್ಣ ಮುಗಿಸಿದೀಯಲ್ಲ, ಅದೇ ಮನೆ ತಗೋ, ಬೆಲೆ ನೋಡ್ಕೊಂಡು ಮಾಡೋಣ ಎಂದ. ಅವತ್ತಿನಿಂದ ಗಂಡನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸ್ವಂತ ಮನೆ ಎಂದು ನೂರು ಸಲ ಹೇಳಿಕೊಂಡ. ಹೇಳಿಕೊಳ್ಳಲಿ, ತಪ್ಪೇನು? ಬೆಕ್ಕು ಮರಿ ಕಚ್ಚಿಕೊಂಡು ಮನೆಯಿಂದ ಮನೆಗೆ ಅಲೆದ ಹಾಗೆ ಈ ಸಂಸಾರ ಬಾಡಿಗೆ ಮನೆಗಳನ್ನು ಸುತ್ತಿತ್ತು. ಅವಳಿಗೂ ಒಂದು ಅಡುಗೆಮನೆ ಬೇಕಿತ್ತು, ಗೋಡೆಗೆ ಮೊಳೆ ಹೊಡೆಯಲು ಯಾರ ಅಪ್ಪಣೆಯೂ ಬೇಡದ ಅಡುಗೆಮನೆ. ಅದಕ್ಕೆಂದೇ ಅವಳು ದುಡಿದದ್ದನ್ನೆಲ್ಲ ಗುಬ್ಬಿ ಕಡ್ಡಿ ಕೂಡಿಸಿದಂತೆ ಕೂಡಿಸಿಟ್ಟಿದ್ದಳು. ಹಾಗಿರುವಾಗ ಕಣ್ಣು ಮುಚ್ಚಿಕೊಂಡು ಅದನ್ನು ಸುರಿಯಲು ಅವಳೇನು ದಡ್ಡಿಯೇ?

ಮರುದಿನ ಬೆಳಿಗ್ಗೆ ಅವಳು ಮಾತನ್ನು ಮತ್ತೆ ಎತ್ತಿದಳು. ಗಂಡ ಶೂಗೆ ಅಂಟಿದ ಬಣ್ಣ ಕೆರೆಯುತ್ತಾ ಕೂತಿದ್ದ. ಪರೀಕ್ಷೆ ಅಂದರೆ ಧಣಿಯ ಮುಖಕ್ಕೆ ಉಗಿದ ಹಾಗೆ, ನಂಬಿಕೆ ಇಲ್ಲ ಅಂದ ಹಾಗೆ, ಅನ್ನ ಕೊಟ್ಟವನ ಮನೆಯಲ್ಲೇ ಹುಳುಕು ಹುಡುಕುವುದು ತನ್ನಿಂದಾಗದು ಎಂದ. ಮೂಲೆಯಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದ ಅತ್ತೆ ತಲೆ ಎತ್ತದೆ ಕೇಳಿದಳು.

"ಅವನು ಅನ್ನ ಕೊಟ್ಟನೋ, ನೀನು ಕೆಲಸ ಕೊಟ್ಟೆಯೋ?"

"ನಿನಗೆ ಇದೆಲ್ಲ ಗೊತ್ತಾಗಲ್ಲಮ್ಮ."

"ನನಗೆ ಗೊತ್ತಾಗೋದು ಇಷ್ಟೇ ಕಣಪ್ಪ. ಬದನೆಕಾಯಿ ತಗೊಳ್ಳೋವಾಗ ತೊಟ್ಟು ಎತ್ತಿ ನೋಡ್ತೀನಿ, ಮಡಕೆ ತಗೊಳ್ಳೋವಾಗ ಬಡಿದು ನೋಡ್ತೀನಿ. ಒಂದು ಮಡಕೆಗಿಂತ ಮನೆ ಕಡೆ ಆಯ್ತಾ?"

ಸೊಸೆಗೆ ನಗು ಬಂತು. ನಕ್ಕದ್ದೇ ತಪ್ಪಾಯಿತು. ಅತ್ತೆ ಸೊಸೆ ಒಂದಾದರೆ ಗಂಡಸು ಮನೆಯಲ್ಲಿ ಇರಬಾರದು ಎಂದು ಗೊಣಗಿ ಅವನು ಚಹಾ ಕುಡಿಯದೇ ಹೊರಟುಹೋದ. ಬ್ರಷ್ ಒರೆಸಲು ಇಟ್ಟಿದ್ದ ಬಟ್ಟೆಯ ಗಂಟನ್ನು ಮರೆತು ಹೋದದ್ದರಿಂದ ಮತ್ತೆ ಒಳಗೆ ಬಂದು, ಯಾರ ಮುಖವನ್ನೂ ನೋಡದೆ ಎತ್ತಿಕೊಂಡು ಹೋದ. ಆ ಬಟ್ಟೆ ಅವಳು ತಂದುಕೊಡುತ್ತಿದ್ದದ್ದು. ಆಸ್ಪತ್ರೆಯಲ್ಲಿ ಹರಿದು ಕೈಬಿಟ್ಟ ಬಿಳಿ ಹಾಸಿಗೆ ಬಟ್ಟೆಗಳು, ಅಂಚಿನಲ್ಲಿ ನೀಲಿ ಪಟ್ಟೆ. ಮೇಲ್ವಿಚಾರಕಿಯನ್ನು ಕೇಳಿ, ಒಗೆದು, ಚೂರು ಮಾಡಿ ಗಂಡನ ಕೆಲಸಕ್ಕೆ ಕಟ್ಟಿಕೊಡುತ್ತಿದ್ದಳು.

ಎಂಜಿನಿಯರನ್ನು ಹುಡುಕಿದ್ದು ಮಗಳು. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವ ಹುಡುಗಿ, ಮಾತು ಕತ್ತರಿ. ಮನೆ ಸಾಲದ ಕಂತಿನಲ್ಲಿ ತನ್ನ ಸಂಬಳವೂ ಹೋಗುವುದರಿಂದ ಕೇಳುವ ಹಕ್ಕು ತನಗೂ ಇದೆ ಎಂದು ಅಪ್ಪನ ಮುಂದೆಯೇ ಹೇಳಿದಳು. ಅಂಗಡಿಗೆ ಬರುವ ಒಬ್ಬ ಹೆಂಗಸು ಇದನ್ನೇ ಕಸುಬು ಮಾಡಿಕೊಂಡಿದ್ದಾಳಂತೆ. ಕೊಳ್ಳುವವರು ಕರೆದರೆ ಹೋಗಿ, ತಳಪಾಯದಿಂದ ತಾರಸಿಯವರೆಗೆ ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳಂತೆ. ಅಪ್ಪ ಟಿವಿಯ ಸದ್ದು ಏರಿಸಿದ. ಮಗಳು ಹೋಗಿ ಟಿವಿ ಆರಿಸಿದಳು.

"ಯಾಕಪ್ಪ ಹೆದರ್ತೀಯ? ಚೆನ್ನಾಗಿದ್ರೆ ಚೆನ್ನಾಗಿದೆ ಅಂತ ಹೇಳ್ತಾರೆ. ಆಮೇಲೆ ನಾವೇ ಬಾಯಿ ಮುಚ್ಕೋತೀವಿ."

"ಹೆದರೋದು ಯಾರು? ಮರ್ಯಾದೆ ಪ್ರಶ್ನೆ."

"ಮರ್ಯಾದೆಗೆ ಬಾಗಿಲು, ಕಿಟಕಿ ಇರಲ್ಲ. ನಾವು ಮಲಗೋದು ಮನೆಯಲ್ಲಿ."

ಅಪ್ಪ ಕೈ ಎತ್ತಿದ. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡ. ಮಗಳ ಮೇಲೆ ಅವನು ಎಂದೂ ಕೈ ಮಾಡಿದವನಲ್ಲ. ಅವನು ಕೆಟ್ಟವನಲ್ಲ ಎಂಬುದೇ ಹೆಂಡತಿಗೆ ಆ ದಿನಗಳಲ್ಲಿ ದೊಡ್ಡ ಕಿರಿಕಿರಿಯಾಗಿತ್ತು. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು.

ಆಮೇಲಿನ ವಾರಗಳು ನೆಪಗಳಲ್ಲಿ ಕಳೆದವು. ಕೀಲಿ ಧಣಿಯ ಹತ್ತಿರ ಇದೆ ಎಂದ. ಧಣಿ ಊರಲ್ಲಿಲ್ಲ ಎಂದ. ಇನ್ನೊಬ್ಬ ಗಿರಾಕಿ ತಿರುಗುತ್ತಿದ್ದಾನೆ, ತಡ ಮಾಡಿದರೆ ಕೈ ತಪ್ಪುತ್ತದೆ ಎಂದ. ಈ ಕೊನೆಯದನ್ನು ಧಣಿಯೇ ಬಾಯಿಪಾಠ ಮಾಡಿಸಿ ಕಳಿಸಿದ್ದು ಎಂದು ಅವಳಿಗೆ ಖಾತ್ರಿಯಾಗಿತ್ತು. ಊಟಕ್ಕೆ ಕೂತರೆ ಗಂಡ ಉಪ್ಪು ಬೇಕಾದರೂ ಕೇಳುತ್ತಿರಲಿಲ್ಲ, ಎದ್ದು ಹೋಗಿ ತೆಗೆದುಕೊಳ್ಳುತ್ತಿದ್ದ. ಅವಳೂ ಸೋಲಲಿಲ್ಲ. ಉಪ್ಪಿನ ಡಬ್ಬಿಯನ್ನು ಮೇಲಿನ ಕಪಾಟಿಗೆ ಏರಿಸಿಟ್ಟಳು. ಅತ್ತೆ ಇದನ್ನು ನೋಡಿ, ನಿಮ್ಮಿಬ್ಬರ ಜಗಳದಲ್ಲಿ ನಾನು ಸಪ್ಪೆ ತಿನ್ನಬೇಕಾಯ್ತಲ್ಲ ಎಂದು ಹಾಕಿದ ಅನ್ನವನ್ನು ಮೊಸರಿನಲ್ಲಿ ಕಲಸಿಕೊಂಡಳು. ಬಾಡಿಗೆ ಮನೆಯ ಮಾಲೀಕ ಮಾತ್ರ ಎರಡು ದಿನಕ್ಕೊಮ್ಮೆ ಬಂದು ಜಗಲಿಯ ಮೇಲೆ ಕೆಮ್ಮಿ ಹೋಗುತ್ತಿದ್ದ. ಆ ಕೆಮ್ಮಿಗೆ ಏನು ಅರ್ಥ ಎಂದು ಎಲ್ಲರಿಗೂ ಗೊತ್ತಿತ್ತು.

ಕೊನೆಗೆ ಅವಳೇ ಧಣಿಯ ಆಫೀಸಿಗೆ ಹೋದಳು. ಸಹಿ ಹಾಕುವವರಲ್ಲಿ ತಾನೂ ಒಬ್ಬಳು, ಪರೀಕ್ಷೆ ಆಗದೆ ತಾನು ಸಹಿ ಹಾಕುವುದಿಲ್ಲ ಎಂದಳು. ಧಣಿ ಒಂದು ಗಳಿಗೆ ಅವಳನ್ನು ನೋಡಿ, ಮೇಜಿನ ಡ್ರಾಯರಿನಿಂದ ಕೀಲಿ ತೆಗೆದು ನಗುತ್ತಾ ಕೊಟ್ಟ. ನಿನ್ನ ಗಂಡನ ಕೆಲಸದ ಮೇಲೆ ನಿನಗೇ ನಂಬಿಕೆ ಇಲ್ಲವಲ್ಲಮ್ಮ, ಪಾಪ ಅವನು ಎಂದ. ಆ ಮಾತು ಅವಳನ್ನು ದಾರಿಯುದ್ದಕ್ಕೂ ಕುಟುಕಿತು.

ಪರೀಕ್ಷೆಯ ದಿನ ಬರುವುದಿಲ್ಲ ಎಂದಿದ್ದ ಗಂಡ ಎಲ್ಲರಿಗಿಂತ ಮೊದಲು ಅಲ್ಲಿದ್ದ. ಎಂಜಿನಿಯರಮ್ಮ ಮಧ್ಯವಯಸ್ಸಿನವಳು, ಮಾತು ಕಡಿಮೆ. ಕೈಯಲ್ಲಿ ಟಾರ್ಚು, ಹೆಗಲಿಗೆ ಚೀಲ, ಚೀಲದಲ್ಲಿ ಮರದ ಒಂದು ಪುಟ್ಟ ಸುತ್ತಿಗೆ. ನೆಲದ ಮೇಲೆ ಗೋಲಿ ಬಿಟ್ಟು ಯಾವ ಕಡೆ ಉರುಳುತ್ತದೆ ನೋಡಿದಳು. ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿ ನೀರು ಎಷ್ಟು ಬೇಗ ಇಳಿಯುತ್ತದೆ ನೋಡಿದಳು. ಸ್ವಿಚ್ ಪೆಟ್ಟಿಗೆ ಬಿಚ್ಚಿ ಮೂಸಿದಳು. ತಾರಸಿ ಹತ್ತಿ, ನೀರಿನ ತೊಟ್ಟಿಯ ಸುತ್ತ ಮಂಡಿಯೂರಿ ಬಹಳ ಹೊತ್ತು ಕೂತಳು. ಅತ್ತೆ ಅವಳ ಹಿಂದೆ ಹಿಂದೆ ಸುತ್ತುತ್ತಾ, ಇವಳು ಮನೆ ನೋಡುವುದೋ, ರೋಗಿ ನೋಡುವುದೋ ಎಂದು ಮೊಮ್ಮಗಳ ಕಿವಿಯಲ್ಲಿ ಹೇಳಿದಳು.

ಒಳಕೋಣೆಗೆ ಬಂದಾಗ ಗಂಡ ಒಂದು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದ. ಎಂಜಿನಿಯರಮ್ಮ ಮೂರು ಗೋಡೆಗೆ ತೇವ ಅಳೆಯುವ ಯಂತ್ರ ಒತ್ತಿ ನೋಡಿ ನಾಲ್ಕನೆಯದರ ಮುಂದೆ ನಿಂತಳು.

"ಸ್ವಲ್ಪ ಸರೀರಿ."

ಅವನು ಸರಿದ. ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು. ಅದು ಬೆವರೋ, ಗೋಡೆಯೋ ಹೆಂಡತಿಗೆ ತಿಳಿಯಲಿಲ್ಲ. ಯಂತ್ರ ಕಿರ್ರೆಂದು ಕೂಗಿತು. ತಾರಸಿಯ ತೊಟ್ಟಿಯಿಂದ ನೀರು ಇಳಿದು ಈ ಗೋಡೆಯೊಳಗೆ ಕೂತಿದೆ, ಇದು ಇವತ್ತಿನದಲ್ಲ ಎಂದು ಎಂಜಿನಿಯರಮ್ಮ ಹೇಳಿ, ಏಣಿ ಇದೆಯೇ ಎಂದು ಕೇಳಿದಳು. ಏಣಿ ಹತ್ತಿ ಚಾವಣಿಯನ್ನು ಸುತ್ತಿಗೆಯಿಂದ ಬಡಿಯುತ್ತಾ ಹೋದಳು. ಟಕ್, ಟಕ್ ಎನ್ನುತ್ತಿದ್ದದ್ದು ಕೋಣೆಯ ನಡುವೆ ಬಂದಾಗ ಟೊಳ್ಳಾಗಿ ಡಬ್ ಎಂದಿತು. ಅತ್ತೆ ತಕ್ಷಣ ತಲೆ ಎತ್ತಿದಳು. ಮಡಕೆ ಬಡಿದು ಕೊಂಡವಳಿಗೆ ಆ ಸದ್ದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಎಂಜಿನಿಯರಮ್ಮ ಚಾಕುವಿನ ತುದಿಯಿಂದ ಬಣ್ಣ ಕೆರೆದಳು. ಬಣ್ಣದ ಹಿಂದೆ ಸಂದು ತುಂಬುವ ಪುಟ್ಟಿ, ಪುಟ್ಟಿಯ ಹಿಂದೆ ಬಿರುಕು. ಬಿರುಕಿನೊಳಗಿಂದ ಏನೋ ನೇತಾಡಿತು. ಅದನ್ನು ಹಿಡಿದು ಎಳೆದಳು. ಬಟ್ಟೆಯ ಪಟ್ಟಿ, ಮೊಳದುದ್ದ, ಬಂದೇ ಬಂತು. ಅದರ ಜೊತೆ ತುಕ್ಕಿನ ಪುಡಿ ಉದುರಿತು.

"ಯಾರೋ ಬಿರುಕಿಗೆ ಬಟ್ಟೆ ತುರುಕಿ ಮುಚ್ಚಿದ್ದಾರೆ. ಒಳಗೆ ಕಂಬಿ ತಿಂದುಹೋಗಿದೆ. ಇದರ ಕೆಳಗೆ ಯಾರೂ ಮಲಗಬಾರದು," ಎಂದು ಹೇಳಿ ಪಟ್ಟಿಯನ್ನು ಕೆಳಗೆ ಕೊಟ್ಟಳು.

ಕೈಚಾಚಿ ತೆಗೆದುಕೊಂಡವಳು ಪೇಂಟರನ ಹೆಂಡತಿ. ಬಿಳಿ ಬಟ್ಟೆ, ಅಂಚಿನಲ್ಲಿ ನೀಲಿ ಪಟ್ಟೆ. ತನ್ನ ಕೈಯಾರೆ ಒಗೆದು, ಹರಿದು, ಗಂಟು ಕಟ್ಟಿ ಕೊಟ್ಟದ್ದು. ಅವಳಿಗೆ ಕಣ್ಣು ಕತ್ತಲೆ ಬಂದಂತಾಯಿತು. ಸಿಟ್ಟಿಗೂ ಕಣ್ಣು ಕತ್ತಲೆ ಬರುತ್ತದೆ ಎಂದು ಅವಳಿಗೆ ಅವತ್ತು ಗೊತ್ತಾಯಿತು. ಗಂಡನ ಕಡೆ ನೋಡಿದಳು. ಅವನು ಕಿಟಕಿಯ ಆಚೆ ನೋಡುತ್ತಿದ್ದ, ಅಲ್ಲಿ ಪಕ್ಕದ ಮನೆಯ ಗೋಡೆ ಬಿಟ್ಟರೆ ಬೇರೇನೂ ಇರಲಿಲ್ಲ.

ಅವಳು ಪಟ್ಟಿಯನ್ನು ಮಡಚಿ ಸೆರಗಿಗೆ ಗಂಟು ಹಾಕಿಕೊಂಡಳು. ಮನೆಗೆ ಬಂದು, ಕೈಕಾಲು ತೊಳೆದು, ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು.  ನಾಲ್ಕು ತಟ್ಟೆ ಹಾಕಿದಳು. ಎಲ್ಲರೂ ಕೂತ ಮೇಲೆ ಗಂಡನ ತಟ್ಟೆಯಲ್ಲಿ ಅನ್ನ ಹಾಕುವ ಜಾಗದಲ್ಲಿ ಆ ಬಟ್ಟೆಯ ಪಟ್ಟಿಯನ್ನು ಹಾಕಿದಳು.

"ಇದು ಏನು ಅಂತ ನಿಮ್ಮ ತಾಯಿಗೆ, ಮಗಳಿಗೆ ನೀವೇ ಹೇಳಿ."

ಅವನು ತಟ್ಟೆಯನ್ನು ತಳ್ಳಿದ. ಮೊದಲು ಆ ಬಟ್ಟೆ ಎಲ್ಲರ ಹತ್ತಿರವೂ ಇರುತ್ತದೆ ಎಂದ. ಆಮೇಲೆ ಆ ಬಿರುಕು ಆಗ ಸಣ್ಣದಿತ್ತು ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು, ಬಿರುಕು ಎಷ್ಟಿತ್ತು ಎಂದು ಯಾರೂ ಕೇಳಿರಲೇ ಇಲ್ಲ. ಮಗಳು ಕೇಳಿದಳು.

"ಅಂದ್ರೆ ನಿನಗೆ ಗೊತ್ತಿತ್ತು."

"ಗೊತ್ತಿತ್ತು. ಏನೀಗ? ಮುಚ್ಚು ಅಂದ್ರು, ಮುಚ್ಚಿದೆ. ಇಷ್ಟು ವರ್ಷದಿಂದ ಇದೇ ಮಾಡಿದ್ದು. ಮನೆ ಮಾರೋ ಮುಂಚೆ ಬಣ್ಣ ಯಾಕೆ ಹೊಡೆಸ್ತಾರೆ ಅಂದ್ಕೊಂಡಿದ್ದೀಯ, ಚೆಂದಕ್ಕಾ?"

"ಅದು ಬೇರೆಯವರ ಮನೆ. ಇದನ್ನ ನಾವು ತಗೊಳ್ತಾ ಇದ್ವಿ."

"ತಗೊಂಡ್ರೆ ನಾನೇ ನೋಡ್ಕೊಳ್ತಿದ್ದೆ. ವರ್ಷಕ್ಕೊಂದು ಸಲ ಕೆರೆದು, ತುಂಬಿ, ಒಂದು ಕೋಟ್ ಹೊಡೆದಿದ್ರೆ ಆಗ್ತಿತ್ತು. ಪೇಂಟರನ ಮನೆಗೆ ಒಂದು ಬಿರುಕು ದೊಡ್ಡದಾ?"

ಅವನು ಇದನ್ನು ನಂಬಿದ್ದ. ಅದೇ ಅವಳನ್ನು ಉರಿಸಿದ್ದು. ಲೋಕಕ್ಕೆಲ್ಲ ಬಳಿದು ಬಳಿದು ಕೊನೆಗೆ ತನ್ನ ಕಣ್ಣಿಗೇ ಬಳಿದುಕೊಂಡಿದ್ದ. ಬಣ್ಣದ ಹಿಂದೆ ಇರುವುದು ಬಣ್ಣದಿಂದ ಸರಿಹೋಗುತ್ತದೆ ಎಂದು ಬೇರೆ ಯಾರು ನಂಬಿದರೂ ಕ್ಷಮಿಸಬಹುದು, ಪೇಂಟರ್ ನಂಬಿದರೆ ಅವನಿಗೆ ಏನೆನ್ನಬೇಕು? ಅವಳು ಅಂದೇ ಬಿಟ್ಟಳು. ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ನನ್ನ ದುಡಿಮೆಯನ್ನು ಸುರಿಯಲು ಹೊರಟಿದ್ದಿರಿ, ನನ್ನ ಕೈಯಿಂದಲೇ ಬಟ್ಟೆ ತರಿಸಿ ನನ್ನ ಮಗಳ ತಲೆಯ ಮೇಲೆ ತುರುಕಿದ್ದಿರಿ, ಹೇಳಬೇಕಾದ ಬಾಯಿಗೆ ಬೀಗ ಹಾಕಿಕೊಂಡು ಮರ್ಯಾದೆ ಮರ್ಯಾದೆ ಎಂದು ಕುಣಿದಿರಿ ಎಂದಳು. ಅವನೂ ಕೂಗಿದ. ಜೀವನವಿಡೀ ಬೇರೆಯವರ ಮನೆಯ ಚಾವಣಿ ನೋಡಿ ಕತ್ತು ನೋಯಿಸಿಕೊಂಡಿದ್ದೇನೆ, ಒಂದು ದಿನ ನನ್ನದು ಅಂತ ಒಂದನ್ನು ನೋಡಿ ಮಲಗಬೇಕು ಅನ್ನಿಸಿದ್ದು ತಪ್ಪಾ, ಒಳ್ಳೆಯ ಮನೆ ಕೊಳ್ಳುವ ಯೋಗ್ಯತೆ ನಮಗೆಲ್ಲಿದೆ ಎಂದ.

ಇಬ್ಬರ ಕೂಗು ನಿಂತಾಗ ಅತ್ತೆ ಮೆಲ್ಲಗೆ ಕೇಳಿದಳು.

"ನನ್ನ ಮಂಚ ಎಲ್ಲಿ ಹಾಕ್ಬೇಕು ಅಂತ ಇದ್ದೆ?"

"ಅಮ್ಮಾ..."

"ನಡುವೆ ಹಾಕೋಣ, ಫ್ಯಾನ್ ಗಾಳಿ ಸರಿಯಾಗಿ ಬರುತ್ತೆ ಅಂದಿದ್ದೆ. ಅವತ್ತು ನೀನೇ ಅಳತೆ ತಗೊಂಡೆ."

 ಮುದುಕಿ ಎದ್ದು, ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಮನೆ ಬೇಡ ಎಂದು ಧಣಿಗೆ ಹೇಳಿದ್ದು ಮಗಳು. ಧಣಿ ಆಗಲಿ ಎಂದನಂತೆ, ಅಷ್ಟು ಸಣ್ಣ ಧ್ವನಿಯಲ್ಲಿ ಎಂದೂ ಮಾತಾಡಿದವನಲ್ಲವಂತೆ. ಆಮೇಲೆ ಗಂಡನಿಗೆ ಕೆಲಸ ಬರುವುದು ಕಡಿಮೆಯಾಯಿತು. ಅವನು ಬೆಳಿಗ್ಗೆ ಎದ್ದು ಬ್ರಷ್‌ಗಳನ್ನು ತೊಳೆದದ್ದನ್ನೇ ತೊಳೆಯುತ್ತಾ ಕೂರುತ್ತಿದ್ದ. ಅವಳು ಕೆಲಸ ಮುಗಿಸಿ ಬಾಡಿಗೆ ಮನೆ ಹುಡುಕುತ್ತಾ ಬೀದಿ ಬೀದಿ ತಿರುಗುತ್ತಿದ್ದಳು. ಮಗಳು ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಅಪ್ಪನಿಗೆ ಹೇಳು, ಸ್ನಾನದ ನೀರು ಕಾದಿದೆ ಎಂದು ಅಪ್ಪನ ಎದುರೇ ಅಮ್ಮನಿಗೆ ಹೇಳುವಳು. ಅಮ್ಮ, ನಾನೇನು ನಿಮ್ಮಿಬ್ಬರ ಅಂಚೆಯವಳಾ ಎಂದು ಪಾತ್ರೆ ಕುಕ್ಕುವಳು. ಅತ್ತೆಯೊಬ್ಬಳು ಮಾಮೂಲಿನಂತೆ ಇದ್ದಳು, ಮಗನ ಕಡೆ ನೋಡುವುದೊಂದನ್ನು ಬಿಟ್ಟು.

ಹೀಗಿರುವಾಗ ಒಂದು ಭಾನುವಾರದ ಬೆಳಿಗ್ಗೆ ಧಣಿಯ ಫೋನು ಬಂತು. ಗಂಡ ಎದ್ದು ನಿಂತು ಮಾತಾಡಿದ. ಹೂಂ, ಹೂಂ ಎಂದ. ಫೋನ್ ಇಟ್ಟವನೇ ಪುಟ್ಟಿಯ ಡಬ್ಬಿ, ರೋಲರ್ ತೆಗೆದ. ಎಲ್ಲಿಗೆ ಎಂದು ಅವಳು ಕೇಳಿದಳು. ಕೆಲಸ ಬಂದಿದೆ ಎಂದ. ಎಲ್ಲಿ ಎಂದು ಮತ್ತೆ ಕೇಳಿದಳು. ಅವನು ರೋಲರಿನ ಹಿಡಿ ತಿರುಗಿಸುತ್ತಾ ನಿಂತ.

"ಆ ಮನೇಲೇ. ಎಂಜಿನಿಯರಮ್ಮ ಕೆರೆದು ಹೋದ ಜಾಗ ಇದೆಯಲ್ಲ, ಅದನ್ನ ಸರಿ ಮಾಡ್ಬೇಕಂತೆ. ಮಧ್ಯಾಹ್ನ ಬೇರೆ ಪಾರ್ಟಿ ನೋಡೋಕೆ ಬರ್ತಾರಂತೆ."

"ಸರಿ ಮಾಡೋದೋ, ಮುಚ್ಚೋದೋ?"

"ನಾನು ಹೋಗದಿದ್ರೆ ಇನ್ನೊಬ್ಬ ಹೋಗ್ತಾನೆ. ಪೇಂಟರ್‌ಗಳಿಗೇನು ಬರವಾ? ಚಾವಣಿ ಹಾಗೇ ಇರುತ್ತೆ, ನನ್ನ ಕೆಲಸ ಹೋಗುತ್ತೆ."

ಆ ಮಾತು ನಿಜವಾಗಿತ್ತು. ನಿಜವಾದದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಒಲೆ ಆರಿಸಿದಳು. ಚಪ್ಪಲಿ ಮೆಟ್ಟಿ, ಏಣಿಯ ಒಂದು ತುದಿ ಹಿಡಿದಳು. ನೀನ್ಯಾಕೆ ಎಂದ. ನೆಲ ಒರೆಸುವವರು ಬೇಡವಾ ಎಂದಳು.

ಅವನು ಕೆಲಸ ಮಾಡುವುದನ್ನು ಅವಳು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಪುಟ್ಟಿ ಕಲಸಿದ. ಬಿರುಕಿನ ಬಾಯಿಗೆ ತುಂಬಿದ. ಅಗಲ ಅಲಗಿನಿಂದ ಒಮ್ಮೆ ಎಳೆದ, ಮತ್ತೊಮ್ಮೆ ಎಳೆದ. ಒಣಗಿದ ಮೇಲೆ ಎಮರಿ ಪೇಪರಿನಿಂದ ಉಜ್ಜಿ, ಬೆರಳ ತುದಿಯಿಂದ ಸವರಿ ನೋಡಿದ. ರೋಲರ್ ಓಡಿಸಿದ. ಏಣಿಯಿಂದ ಇಳಿಯುವ ಹೊತ್ತಿಗೆ ಅಲ್ಲಿ ಬಿರುಕಿತ್ತು ಎಂದು ಅವಳ ಕಣ್ಣಿಗೂ ಕಾಣಲಿಲ್ಲ. ಎಂಥ ಕೈ! ಆ ಕೈಯನ್ನು ಕಚ್ಚಿಬಿಡಬೇಕು ಅನ್ನಿಸಿತು ಅವಳಿಗೆ.

ಧಣಿ ಗಿರಾಕಿಗಳನ್ನು ಕರೆದುಕೊಂಡು ಬಂದ. ಬಸ್ ಓಡಿಸುವವನು, ಸಮವಸ್ತ್ರದಲ್ಲೇ ಬಂದಿದ್ದ. ಅವನ ಹೆಂಡತಿ, ಕೋಲು ಹಿಡಿದ ಮುದಿ ತಂದೆ. ಡ್ರೈವರನ ಹೆಂಡತಿ ಅಡುಗೆಮನೆಯ ಕಪಾಟುಗಳನ್ನು ತೆರೆದು ತೆರೆದು ಮುಚ್ಚಿದಳು. ಇವಳಿಗೆ ಅದನ್ನು ನೋಡಲಾಗಲಿಲ್ಲ. ಒಳಕೋಣೆಗೆ ಬಂದಾಗ ಮುದುಕನಿಗೆ ಕಾಲು ಸೋತಿತ್ತು. ಬೋರಲು ಹಾಕಿದ್ದ ಬಣ್ಣದ ಬಕೆಟ್ಟಿನ ಮೇಲೆ ಕೋಣೆಯ ನಡುವೆಯೇ ಕೂತುಕೊಂಡ. ಇದು ಅಪ್ಪನ ಕೋಣೆ ಎಂದು ಡ್ರೈವರ್ ಹೇಳಿ, ಬ್ರಷ್ ತೊಳೆಯುತ್ತಿದ್ದ ಪೇಂಟರನ ಹತ್ತಿರ ಬಂದು ದನಿ ತಗ್ಗಿಸಿದ.

"ನೀವು ಬಣ್ಣ ಹೊಡೆದೋರು, ನಿಮಗೆ ಗೊತ್ತಿರುತ್ತೆ. ಎಂಜಿನಿಯರ್‌ನ ಕರೆಸೋಷ್ಟು ಶಕ್ತಿ ನಮಗಿಲ್ಲ. ಮನೆ ಹೇಗಿದೆ?"

ಅವಳು ಒರೆಸುವ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೇಳು, ಈಗಲಾದರೂ ಹೇಳು ಎಂದು ಅವಳ ಇಡೀ ಮೈ ಕೇಳುತ್ತಿತ್ತು. ಗಂಡ ಅವಳನ್ನು ನೋಡಿದ, ಧಣಿಯನ್ನು ನೋಡಿದ, ಬ್ರಷ್ಷನ್ನು ನೋಡಿದ.

"ಗಟ್ಟಿಯಾಗೇ ಇದೆ," ಎಂದ.

 ಅವಳು ಬಟ್ಟೆಯನ್ನು ನೆಲಕ್ಕೆ ಎಸೆದು ಮುಂದೆ ಬಂದಳು. ಇದೇ ಮನೆಯನ್ನು ನಾವು ಕೊಳ್ಳಬೇಕು ಅಂತಿದ್ವಿ, ಎಂಜಿನಿಯರನ್ನು ಕರೆಸಿ ನೋಡಿಸಿ ಕೈಬಿಟ್ವಿ, ಈ ಕೋಣೆಯ ಚಾವಣಿ ಒಳಗೆ ಕೊಳೆತಿದೆ, ಇವತ್ತು ಬೆಳಿಗ್ಗೆ ಮತ್ತೆ ಮುಚ್ಚಿದ್ದಾರೆ ಎಂದಳು. ಒಂದು ಮಾತೂ ತಪ್ಪಲಿಲ್ಲ. ಧಣಿ ಕೆಂಪಾದ. ಡ್ರೈವರ್ ಚಾವಣಿ ನೋಡಿದ, ಹೆಂಡತಿಯನ್ನು ನೋಡಿದ. ಅಡುಗೆಮನೆಯ ಕಡೆ ಒಮ್ಮೆ ನೋಡಿದ. ಆಮೇಲೆ ಧಣಿಯ ಕಡೆ ತಿರುಗಿದ.

"ಹಾಗಿದ್ರೆ ಬೆಲೆ ಇಳಿಸ್ಬೇಕಾಗುತ್ತೆ ಧಣಿ."

ಧಣಿಯ ಮುಖ ಸಡಿಲವಾಯಿತು. ನೋಡೋಣ, ಕೂತು ಮಾತಾಡೋಣ ಎಂದ. ಸ್ವಲ್ಪ ಸಿಮೆಂಟ್ ಹಾಕಿಸಿಕೊಂಡರೆ ಆಯಿತು ಎಂದು ಡ್ರೈವರ್ ಹೇಳಿದ. ಅಷ್ಟಕ್ಕೂ ಅಪ್ಪನೊಬ್ಬ ಮಲಗುವ ಕೋಣೆ ತಾನೇ ಎಂದ. ಮುದುಕ ಬಕೆಟ್ಟಿನ ಮೇಲೆ ಕೂತು, ಯಾರು ಏನು ಹೇಳಿದರೂ ಸರಿ ಎನ್ನುವಂತೆ ಕೋಲಿನ ಹಿಡಿಯ ಮೇಲೆ ಗಲ್ಲ ಊರಿದ್ದ. ಇಬ್ಬರೂ ಅವನ ತಲೆಯ ಮೇಲೆಯೇ ಚೌಕಾಸಿಗೆ ನಿಂತರು.

ಅವಳು ದಂಗಾದಳು. ನಿಜ ಹೇಳಿದರೆ ಏನಾದರೂ ಆಗುತ್ತದೆ ಎಂದು ನಂಬಿದ್ದಳು. ಆದದ್ದು ಇಷ್ಟು, ಮುದುಕನ ತಲೆಗೊಂದು ರಿಯಾಯಿತಿ. ಬಾಯಿಗೆ ಬಂದ ಬೈಗುಳ ಯಾರಿಗೆ ಸಲ್ಲಬೇಕೆಂದೇ ತಿಳಿಯಲಿಲ್ಲ. ಆಗ ಗಂಡ ಬ್ರಷ್ ಕೆಳಗಿಟ್ಟ. ಒದ್ದೆ ಕೈಯಲ್ಲೇ ಹೋಗಿ ಮುದುಕನ ತೋಳು ಹಿಡಿದ.

"ಏಳಿ ಯಜಮಾನ್ರೇ. ಇಲ್ಲಿ ಕೂರಬೇಡಿ." ಅವನನ್ನು ನಿಧಾನವಾಗಿ ನಡೆಸಿಕೊಂಡು ಬಂದು ಹೊಸ್ತಿಲಾಚೆ ನಿಲ್ಲಿಸಿ ಡ್ರೈವರನ ಕಡೆ ತಿರುಗಿದ. "ಬೆಲೆ ಇಳಿದ್ರೆ ಚಾವಣಿ ಹಗುರ ಆಗಲ್ಲ ಅಣ್ಣ. ಒಳಗೆ ಕಂಬಿ ತಿಂದುಹೋಗಿದೆ. ಮುಚ್ಚಿದ್ದು ನಾನು, ಎರಡು ಸಲ. ನಮ್ಮಮ್ಮನ ಮಂಚಕ್ಕೆ ಅಳತೆ ತಗೊಂಡಿದ್ದೂ ಇದೇ ಜಾಗದಲ್ಲಿ."

 ಡ್ರೈವರನ ಹೆಂಡತಿ ಬಂದು ಮಾವನ ಕೈ ಹಿಡಿದುಕೊಂಡು, ನಡೀರಿ ಎಂದು ಗಂಡನಿಗೆ ಹೇಳಿದಳು. ಡ್ರೈವರ್ ಹೋಗುತ್ತಾ, ನೀವೆಲ್ಲರೂ ಕಳ್ಳರೇ ಎಂದು ಧಣಿಗೂ ಪೇಂಟರನಿಗೂ ಸೇರಿಸಿಯೇ ಬೈದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಧಣಿ ಕೂಗಾಡಲಿಲ್ಲ. ಡಬ್ಬಿ ಎತ್ತಿಕೊಂಡು ಹೊರಡು, ಇನ್ನು ಮೇಲೆ ನನ್ನ ಯಾವ ಮನೆಯ ಬಾಗಿಲೂ ತುಳಿಯಬೇಡ, ಬೇರೆ ಯಾರ ಹತ್ತಿರವೂ ನಿನಗೆ ಕೆಲಸ ಸಿಗದ ಹಾಗೆ ನೋಡಿಕೊಳ್ಳುತ್ತೇನೆ ಎಂದ. ಹೇಳಿದಂತೆ ಮಾಡುವವನೇ ಅವನು.

ಬೀದಿಯಲ್ಲಿ ಬಿಸಿಲು ಸುಡುತ್ತಿತ್ತು. ಅವನು ಏಣಿ ಹೊತ್ತು ಮುಂದೆ, ಅವಳು ಡಬ್ಬಿ ಹಿಡಿದು ಹಿಂದೆ. ಅವಳ ಸಿಟ್ಟು ಒಂದು ಚೂರೂ ಇಳಿದಿರಲಿಲ್ಲ. ಇಷ್ಟು ಹೇಳಲು ಇವನಿಗೆ ಇಷ್ಟು ದಿನ ಬೇಕಾಯಿತೇ, ಪರರ ಅಪ್ಪನನ್ನು ಕಂಡ ಮೇಲೆ ತನ್ನ ಅಮ್ಮ ನೆನಪಾದಳೇ ಎಂದು ಕುದಿಯುತ್ತಲೇ ನಡೆದಳು. ಮನೆ ಹೋಯಿತು, ಕೆಲಸ ಹೋಯಿತು, ಇರುವ ಸೂರನ್ನು ತಿಂಗಳೊಳಗೆ ಬಿಡಬೇಕು. ತಿರುವಿನಲ್ಲಿ ಅವನು ಏಣಿ ಇಳಿಸಿ ನಿಂತ. ಮುಖ ಬಾಡಿತ್ತು.

"ನಾಳೆಯಿಂದ ನನಗೆ ಕೆಲಸ ಇಲ್ಲ," ಎಂದ.

"ನನಗಿದೆ," ಎಂದಳು ಅವಳು ಸಿಡುಕಿನಿಂದಲೇ. "ನಡೀರಿ."